ಲೈನು ಮತ್ತು ಕ್ರಾಸು: ಕೋಲಾರ ಚಿನ್ನದ ಗಣಿ ಪ್ರದೇಶದ ಬೀದಿಗಳ ಇತಿಹಾಸ

ಊರೊಂದರ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅಲ್ಲಿನ ಶಾಸನ, ದೇವಾಲಯ, ಬಸದಿ, ಕೋಟೆ, ಕೆರೆಗಳನ್ನು ಆಕರಗಳೆಂದು ಪರಿಗಣಿಸುತ್ತಾರೆ. ಆ ಊರಿನ ಬೀದಿಗಳನ್ನು ಆಕರವಾಗಿ ಓದುವ ಪರಿಪಾಠ ನಮ್ಮಲ್ಲಿ ಅಷ್ಟಾಗಿ ಬೆಳೆದಿಲ್ಲ. ಆದರೆ ಕಟ್ಟಡಗಳಿಗಿಂತ ಬೀದಿಗಳ ಆಯುಷ್ಯ ದೀರ್ಘವಾದುದು. ಮನೆ ಬಿದ್ದು ಮತ್ತೊಂದು ಮನೆ ಏಳುತ್ತದೆ, ಅಂಗಡಿ ಹೋಗಿ ಬ್ಯಾಂಕು ಬರುತ್ತದೆ, ಒಡೆಯರು ಬದಲಾಗುತ್ತಾರೆ. ಅವೆಲ್ಲದರ ಮುಂದೆ ಹಾದುಹೋಗುವ ಬೀದಿಯ ಗೆರೆ ಮಾತ್ರ ಇದ್ದಲ್ಲೇ ಇರುತ್ತದೆ. ಯಾವ ಉದ್ದೇಶಕ್ಕಾಗಿ ಬೀದಿಯನ್ನು ಎಳೆದರೋ ಆ ಉದ್ದೇಶವೇ ಇಲ್ಲವಾದ ಮೇಲೂ ಜನ ಅದೇ ಬೀದಿಯಲ್ಲಿ ನಡೆಯಬೇಕಾಗುತ್ತದೆ. ಈ ಮಾತಿಗೆ ಕೋಲಾರ ಚಿನ್ನದ ಗಣಿ ಪ್ರದೇಶ, ಅಂದರೆ ನಾವೆಲ್ಲ ಕೆ.ಜಿ.ಎಫ್. ಎಂದು ಕರೆಯುವ ಊರು ಮತ್ತು ಅದರ ಹೆಬ್ಬಾಗಿಲಾದ ಬಂಗಾರಪೇಟೆ ಉತ್ತಮ ನಿದರ್ಶನಗಳು.

ಕನ್ನಡದಲ್ಲಿ ದಾರಿಯನ್ನು ಸೂಚಿಸುವ ಪದಗಳು ಹೇರಳವಾಗಿವೆ. ಹಳಗನ್ನಡದ ‘ಬಟ್ಟೆ’ ಎಂಬುದು ಮಾರ್ಗವಾಚಿ. ಭೂದಾನದ ಶಾಸನಗಳು ಎಲ್ಲೆಕಟ್ಟನ್ನು ವಿವರಿಸುವಾಗ ಮರ, ಬಂಡೆ, ಹಳ್ಳಗಳ ಜೊತೆಗೆ ‘ಹೆಬ್ಬಟ್ಟೆ’ಯನ್ನೂ ಹೆಸರಿಸುತ್ತವೆ. ಕೇರಿ, ಓಣಿ, ಬೀದಿ, ಪೇಟೆ ಎಂಬ ಪದಗಳು ದಾರಿಯನ್ನಷ್ಟೇ ಅಲ್ಲದೆ ಅಲ್ಲಿ ವಾಸಿಸುವವರ ಪರಸ್ಪರ ಸಂಬಂಧವನ್ನೂ ಸೂಚಿಸುತ್ತವೆ. ಕೇರಿ ಎಂದೊಡನೆ ಒಂದು ಸಮುದಾಯದ ವಸತಿ, ಪೇಟೆ ಎಂದೊಡನೆ ವ್ಯಾಪಾರ ನೆನಪಾಗುತ್ತವೆ. ಇಂಗ್ಲಿಷಿನಿಂದ ಬಂದು ಈ ಪದಸಂಪತ್ತಿಗೆ ಸೇರಿದ ಎರಡು ಪದಗಳು ಕೆ.ಜಿ.ಎಫ್.ನಲ್ಲಿ ವಿಶೇಷ ಅರ್ಥವನ್ನು ಪಡೆದಿವೆ. ಒಂದು ‘ಲೈನು’, ಮತ್ತೊಂದು ‘ಕ್ರಾಸು’. ಈ ಎರಡು ಪದಗಳ ನಡುವಿನ ಅಂತರವೇ ಈ ಊರಿನ ಚರಿತ್ರೆಯ ಒಂದು ಮುಖ್ಯ ಎಳೆ.

ಗಣಿಗೆ ಮೊದಲಿನ ದಾರಿಗಳು

ಕೋಲಾರದ ಪ್ರಾಚೀನ ಹೆಸರು ಕುವಳಾಲ. ಗಂಗ ಅರಸರು ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಧರಿಸಿದ್ದರೆಂಬುದು ಶಾಸನಾಭ್ಯಾಸಿಗಳಿಗೆ ತಿಳಿದ ವಿಷಯ. ತಮಿಳು ನಾಡು, ಆಂಧ್ರ ಮತ್ತು ಕನ್ನಡ ನಾಡುಗಳು ಸಂಧಿಸುವ ಈ ಭೂಭಾಗದಲ್ಲಿ ಗಂಗರು, ನೊಳಂಬರು, ಚೋಳರು, ಹೊಯ್ಸಳರು ಒಬ್ಬರ ನಂತರ ಒಬ್ಬರು ಆಳಿದರು. ಪಾಲಾರ್ ನದಿಯ ಬೇತಮಂಗಲದ ದೊಡ್ಡ ಕೆರೆ ನೊಳಂಬರ ಕಾಲದಲ್ಲಿ ಜೀರ್ಣೋದ್ಧಾರಗೊಂಡುದಕ್ಕೆ ಶಾಸನಾಧಾರವಿದೆ. ಅಂದಿನ ದಾರಿಗಳು ಕೆರೆಯಿಂದ ಕೆರೆಗೆ, ಸಂತೆಯಿಂದ ಸಂತೆಗೆ, ಕ್ಷೇತ್ರದಿಂದ ಕ್ಷೇತ್ರಕ್ಕೆ ಸಾಗುತ್ತಿದ್ದವು. ಆವನಿ, ಬೇತಮಂಗಲ, ಬೂದಿಕೋಟೆ, ಕಾಮಸಮುದ್ರದಂತಹ ಊರುಗಳು ಆ ಹಳೆಯ ಜಾಲದ ಗಂಟುಗಳು. ಒಂದು ಕಾಲಕ್ಕೆ ತಾಲ್ಲೂಕಿಗೇ ತನ್ನ ಹೆಸರನ್ನು ಕೊಟ್ಟಿದ್ದ ಬೇತಮಂಗಲ ಮುಂದೆ ಆ ಸ್ಥಾನವನ್ನು ಕಳೆದುಕೊಂಡಿತು.

ಈ ಪಲ್ಲಟಕ್ಕೆ ರೈಲು ಕಾರಣ. 1864ರಲ್ಲಿ ಬೆಂಗಳೂರು ಕಂಟೋನ್ಮೆಂಟಿನಿಂದ ಜೋಲಾರಪೇಟೆಗೆ ರೈಲುಮಾರ್ಗ ತೆರೆಯಿತು. ಅದರ ಮೂಲಕ ಮೈಸೂರು ಸೀಮೆ ಮದ್ರಾಸಿನ ಬಂದರಿಗೆ ಜೋಡಣೆಗೊಂಡಿತು. ಈ ಮಾರ್ಗದ ಒಂದು ನಿಲ್ದಾಣದ ಸುತ್ತ ಬೆಳೆದ ಪೇಟೆಗೆ 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರ ಹೆಸರಿನಲ್ಲಿ ಬೌರಿಂಗ್‌ಪೇಟೆ ಎಂಬ ಹೆಸರಾಯಿತು. ಇಂದು ಅದು ಬಂಗಾರಪೇಟೆ. ಚಿನ್ನದ ಗಣಿಗೆ ಹೋಗುವವರು ಇಳಿದು ಬೇರೆ ಗಾಡಿ ಹತ್ತುವ ಊರಿಗೆ ‘ಬೌರಿಂಗ್’ ಎಂಬ ಪರಕೀಯ ಶಬ್ದಕ್ಕಿಂತ ‘ಬಂಗಾರ’ ಹೆಚ್ಚು ಒಪ್ಪಿತು. ಜನರ ನಾಲಗೆಗೆ ಅರ್ಥವಾಗದ ಹೆಸರನ್ನು ಅರ್ಥವಾಗುವ ಹೆಸರಿನ ಹತ್ತಿರಕ್ಕೆ ಎಳೆದುಕೊಳ್ಳುವುದು ಸ್ಥಳನಾಮಗಳ ಅಧ್ಯಯನದಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿ.

ಬಂಗಾರಪೇಟೆ ಕೂಡುನಿಲ್ದಾಣದ ಊರು. 1894ರ ವೇಳೆಗೆ ಅಲ್ಲಿಂದ ಮಾರಿಕುಪ್ಪಂಗೆ ಸುಮಾರು 16 ಕಿಲೋಮೀಟರಿನ ಕವಲು ಮಾರ್ಗ ಬಂದಿತು. 1913ರಲ್ಲಿ ಕೋಲಾರಕ್ಕೆ ಕಿರಿದಾದ ಹಳಿಯ ಮಾರ್ಗ ಸಿದ್ಧವಾಯಿತು. ಹೀಗೆ ಬೆಂಗಳೂರು, ಮದ್ರಾಸು, ಗಣಿ, ಕೋಲಾರ ಎಂಬ ನಾಲ್ಕು ದಿಕ್ಕಿಗೂ ಇಲ್ಲಿಂದ ದಾರಿ ತೆರೆಯಿತು. ದಾರಿಗಳು ಕೂಡುವಲ್ಲಿ ಜನ ನಿಲ್ಲುತ್ತಾರೆ, ನಿಂತಲ್ಲಿ ಅಂಗಡಿಗಳು ಹುಟ್ಟುತ್ತವೆ. ಇಂದು ಬೆಂಗಳೂರಿನ ಬೀದಿಬೀದಿಗಳಲ್ಲಿ ‘ಬಂಗಾರಪೇಟೆ ಪಾನಿಪುರಿ’ ಎಂಬ ಫಲಕ ಕಾಣಿಸುತ್ತದೆ. ಹಿರಿದಾದ ಉದ್ಯಮವಾಗಲಿ ಅರಮನೆಯಾಗಲಿ ಇಲ್ಲದ ಊರೊಂದು ಕೂಡುದಾರಿಯ ಬಲದಿಂದಲೇ ಹೆಸರು ಗಳಿಸಿದೆ.

ಲೈನುಗಳ ಊರು

ಮಾರಿಕುಪ್ಪಂ ಮತ್ತು ಊರಿಗಾಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು 1802ರಲ್ಲಿ ಸರ್ವೆಯ ಕೆಲಸದಲ್ಲಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಗಮನಿಸಿದ್ದರು. ಐರಿಷ್ ಮೂಲದ ಮಾಜಿ ಸೈನಿಕ ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿ, 1875ರಲ್ಲಿ ಗಣಿಗಾರಿಕೆಯ ಹಕ್ಕನ್ನು ಪಡೆದರು. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಗಣಿಗಳು ಆಳಕ್ಕೆ ಇಳಿದವು. ಇಪ್ಪತ್ತನೆಯ ಶತಮಾನದಲ್ಲಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವನ್ನು ಮುಟ್ಟಿ ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತು.

ಇಲ್ಲಿನ ಚಿನ್ನದ ಶಿಲಾಪದರ ಉತ್ತರ ದಕ್ಷಿಣವಾಗಿ ಹಬ್ಬಿದೆ. ಬಾಲಾಘಾಟ್, ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಎಂಬ ಗಣಿಗಳು ಆ ಪದರವನ್ನು ಅನುಸರಿಸಿ ಒಂದರ ಕೆಳಗೊಂದು ಸಾಲಾಗಿ ನಿಂತವು. ರೈಲಿನ ಕವಲು ಕೂಡ ಕೋರಮಂಡಲ, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಗಣಿಗಳನ್ನೇ ನಿಲ್ದಾಣಗಳಾಗಿ ಪೋಣಿಸಿಕೊಂಡು ಸಾಗಿತು. ಈ ಹೆಸರುಗಳನ್ನು ಗಮನಿಸಬೇಕು. ಊರಿಗಾಂ ಮತ್ತು ಮಾರಿಕುಪ್ಪಂ ನೆಲದ ಹೆಸರುಗಳು. ಉಳಿದವು ಕಂಪನಿಗಳ ಕಾಗದಪತ್ರಗಳಿಂದ ನೆಲಕ್ಕೆ ಇಳಿದವು. ನಂದಿದುರ್ಗ ಇರುವುದು ಚಿಕ್ಕಬಳ್ಳಾಪುರದ ಬಳಿ. ಕೋರಮಂಡಲ ಕಡಲ ತೀರದ ಹೆಸರು. ಆ ಊರಿನವರಿಗೂ ಆ ಹೆಸರಿಗೂ ಸಂಬಂಧ ಕಲ್ಪಿಸುವುದು ಷೇರುಪತ್ರವೊಂದೇ.

ಪ್ರತಿ ಗಣಿಯ ಬಾಯಿಯ ಸಮೀಪದಲ್ಲಿ ಕಾರ್ಮಿಕರ ಲೈನುಗಳು ಎದ್ದವು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದ ತಮಿಳು ಮತ್ತು ತೆಲುಗು ಭಾಷಿಕರು, ಅವರಲ್ಲಿ ಬಹುಸಂಖ್ಯೆಯ ದಲಿತರು, ಇಲ್ಲಿನ ತಟ್ಟಿ ಗುಡಿಸಲುಗಳಲ್ಲಿ ನೆಲೆಸಿದರು. 1891ರಲ್ಲಿ ಏಳು ಸಾವಿರದಷ್ಟಿದ್ದ ಇಲ್ಲಿನ ಜನಸಂಖ್ಯೆ 1901ರಲ್ಲಿ 38 ಸಾವಿರವನ್ನು ದಾಟಿತು. ಹತ್ತೇ ವರ್ಷಗಳಲ್ಲಿ ಐದು ಪಟ್ಟು ಬೆಳೆದ ಊರಿಗೆ ಬೀದಿಗಳನ್ನು ಯಾರು ಎಳೆದರು ಎಂಬ ಪ್ರಶ್ನೆಗೆ ಉತ್ತರ ಸರಳ. ಕಂಪನಿ ತನ್ನ ಅಗತ್ಯಕ್ಕೆ ತಕ್ಕಂತೆ ಎಳೆಯಿತು. ಪಾಳಿಯ ಶಿಳ್ಳೆ ಕೂಗಿದಾಗ ಕಾರ್ಮಿಕನು ಮನೆಯಿಂದ ಗಣಿಯ ಬಾಯಿಗೆ ಬೇಗ ತಲುಪಬೇಕು. ಪಾಳಿ ಮುಗಿದಾಗ ಮನೆಗೆ ಮರಳಬೇಕು. ಲೈನು ಎಂಬ ಪದವೇ ಸೇನೆಯ ಶಿಬಿರದಿಂದ ಬಂದದ್ದು. ಅದು ಸಾಲು, ಎಣಿಕೆ, ಶಿಸ್ತುಗಳನ್ನು ಸೂಚಿಸುತ್ತದೆ. ಒಂದು ಗಣಿಯ ಲೈನಿನವನು ಮತ್ತೊಂದು ಗಣಿಯ ಲೈನಿಗೆ ಹೋಗಿಬರಲು ದಾರಿ ಬೇಕೆಂದು ಕಂಪನಿಗೆ ಅನಿಸಬೇಕಾದ ಕಾರಣವಿರಲಿಲ್ಲ. ಅಧಿಕಾರಿಗಳ ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನಗಳು ಬೇರೆಯೇ ದಿಕ್ಕಿನಲ್ಲಿ ಅಗಲವಾದ ಸಾಲುಮರಗಳ ರಸ್ತೆಗಳಲ್ಲಿದ್ದವು.

ಅಲೆದಾಡುವ ಸ್ವಾತಂತ್ರ್ಯಕ್ಕೂ ಇಲ್ಲಿ ಮಿತಿಗಳಿದ್ದವು. ಚಿನ್ನದ ಕಳವನ್ನು ತಡೆಯುವ ನೆಪದಲ್ಲಿ ಕಾವಲು, ತಪಾಸಣೆಗಳು ಕಾರ್ಮಿಕರ ನಿತ್ಯಜೀವನದ ಭಾಗವಾಗಿದ್ದವು. 1930ರಲ್ಲಿ ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿ ಗಣಿ ಕಾರ್ಮಿಕರು ದೊಡ್ಡ ಮುಷ್ಕರವನ್ನೇ ಹೂಡಿದರು. ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆಂದು ತಿಳಿಯಬಯಸುವ ಆಡಳಿತಕ್ಕೆ ನಾಲ್ಕಾರು ಕಡೆ ತೆರೆದುಕೊಳ್ಳುವ ಬೀದಿಗಿಂತ ಒಂದೇ ಕಡೆ ತೆರೆಯುವ ಬೀದಿ ಹೆಚ್ಚು ಅನುಕೂಲ ಎಂಬುದನ್ನು ಇಲ್ಲಿ ನೆನೆಯಬೇಕು.

ಗಣಿಯಿಂದ ಹೊರಬಂದ ಅದಿರಿನ ಪುಡಿ ಗುಡ್ಡಗಳಾಗಿ ರಾಶಿಬಿದ್ದುದು ಈ ಬಿಡಿತನವನ್ನು ಇನ್ನಷ್ಟು ಗಟ್ಟಿಮಾಡಿತು. ಸ್ಥಳೀಯರು ಸಯನೈಡ್ ಗುಡ್ಡಗಳೆಂದು ಕರೆಯುವ ಈ ರಾಶಿಗಳ ಒಟ್ಟು ಪ್ರಮಾಣವನ್ನು ಸುಮಾರು 3.3 ಕೋಟಿ ಟನ್ ಎಂದು ಅಂದಾಜಿಸಲಾಗಿದೆ. ಅವು ವಸತಿಗಳ ಮಗ್ಗುಲಲ್ಲೇ ನಿಂತಿವೆ. ಕಣ್ಣಳತೆಯ ದೂರದಲ್ಲಿರುವ ನೆರೆಯ ವಸತಿಗೂ ಗುಡ್ಡವನ್ನೋ ಹಳಿಯನ್ನೋ ಬಳಸಿಕೊಂಡು ಹೋಗಬೇಕಾದ ಸ್ಥಿತಿ ಹೀಗೆ ಉಂಟಾಯಿತು.

ರಾಬರ್ಟ್‌ಸನ್‌ಪೇಟೆಯ ಕ್ರಾಸುಗಳು

ಇದೇ ನೆಲದಲ್ಲಿ, ಇದೇ ಕಾಲದಲ್ಲಿ, ಬೇರೊಂದು ಬಗೆಯ ಊರೂ ಹುಟ್ಟಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಮೈಸೂರು ಸಂಸ್ಥಾನದ ಸರ್ಕಾರ ಗಣಿಗಳ ಪಕ್ಕದಲ್ಲಿ ಯೋಜಿತ ಪಟ್ಟಣವೊಂದನ್ನು ರೂಪಿಸಲು ಮುಂದಾಯಿತು. ಮೈಸೂರಿನ ರೆಸಿಡೆಂಟ್ ಆಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರನ್ನು ಅದಕ್ಕೆ ಇಡಲಾಯಿತು. ಅದೇ ರಾಬರ್ಟ್‌ಸನ್‌ಪೇಟೆ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಇಕ್ಕಟ್ಟಾದ ವಸತಿಗಳ ಅಪಾಯವನ್ನು ಎಲ್ಲರಿಗೂ ಮನಗಾಣಿಸಿತ್ತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡದ್ದೂ ಆ ಆಸುಪಾಸಿನ ವರ್ಷಗಳಲ್ಲಿಯೇ. ಗಾಳಿ ಬೆಳಕು ಬರುವ ನೇರ ಬೀದಿಗಳು, ಅವುಗಳನ್ನು ಲಂಬವಾಗಿ ಕತ್ತರಿಸುವ ಅಡ್ಡಬೀದಿಗಳು, ನಡುವೆ ಮಾರುಕಟ್ಟೆ: ಚದುರಂಗದ ಮಣೆಯನ್ನು ಹೋಲುವ ಈ ವಿನ್ಯಾಸ ಅಂದಿನ ಆರೋಗ್ಯಚಿಂತನೆಯ ಫಲ.

ಈ ಅಡ್ಡಬೀದಿಗೆ ಕನ್ನಡಿಗರು ‘ಕ್ರಾಸು’ ಎಂಬ ಪದವನ್ನೇ ಸ್ವೀಕರಿಸಿದರು. ಮೂಲದಲ್ಲಿ ಅದು ಕತ್ತರಿಸುವುದನ್ನು, ಹಾಯುವುದನ್ನು ಹೇಳುವ ಪದ. ನಮ್ಮಲ್ಲಿ ಅದು ವಿಳಾಸದ ಅಂಗವಾಯಿತು. ‘ಮೂರನೇ ಕ್ರಾಸು’ ಎಂದರೆ ಆ ಬೀದಿಗೆ ಮುಂದೆ ನಾಲ್ಕನೆಯದು, ಹಿಂದೆ ಎರಡನೆಯದು ಇದೆ, ಅಡ್ಡಲಾಗಿ ಮುಖ್ಯರಸ್ತೆಯೊಂದಿದೆ ಎಂಬ ಭರವಸೆ ಆ ಮಾತಿನಲ್ಲೇ ಅಡಗಿದೆ. ಲೈನಿಗೆ ಇರುವುದು ಎರಡೇ ತುದಿಗಳು. ಕ್ರಾಸಿಗೆ ನಾಲ್ಕು ದಿಕ್ಕುಗಳು.

ರಾಬರ್ಟ್‌ಸನ್‌ಪೇಟೆಯನ್ನು ಆದರ್ಶವೆಂದು ವೈಭವೀಕರಿಸುವ ಅಗತ್ಯವಿಲ್ಲ. ಅದು ಕೂಡ ವಸಾಹತು ಆಡಳಿತದ ನೆರಳಿನಲ್ಲಿ ಮೂಡಿದ ಊರು; ಅದರ ಹೆಸರೇ ಅದಕ್ಕೆ ಸಾಕ್ಷಿ. ಆದರೆ ಅದರ ಬೀದಿಗಳು ಯಾವುದೋ ಒಂದು ಕೆಲಸದ ಸ್ಥಳಕ್ಕಷ್ಟೇ ಕಟ್ಟುಬಿದ್ದಿರಲಿಲ್ಲ. ಗಣಿ ಇದ್ದಾಗ ಗಣಿಯವರು ಸಂಬಳದ ದಿನ ಕೊಳ್ಳಲು ಬರುತ್ತಿದ್ದ ಪೇಟೆ ಅದು. ಗಣಿ ಹೋದ ಮೇಲೂ ಅದು ಪೇಟೆಯಾಗಿಯೇ ಉಳಿಯಿತು. ಗೀತಾ ರಸ್ತೆ, ಪ್ರಿಚರ್ಡ್ ರಸ್ತೆಗಳ ವ್ಯಾಪಾರ ಇಂದಿಗೂ ನಡೆದಿದೆ. ಅಲ್ಲಿ ಒಂದು ಮನೆ ಅಂಗಡಿಯಾಗಬಹುದು, ಅಂಗಡಿ ಶಾಲೆಯಾಗಬಹುದು. ಎಲ್ಲ ಕಡೆಯಿಂದಲೂ ಬರಲು ದಾರಿಯಿರುವುದರಿಂದ ಯಾವ ಬದಲಾವಣೆಯನ್ನೂ ಬೀದಿ ತಾಳಿಕೊಳ್ಳುತ್ತದೆ.

ಗಣಿ ಮುಚ್ಚಿದ ಮೇಲೆ

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಒಡೆತನಕ್ಕೆ, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನವನ್ನು ಕೊಟ್ಟ ನೆಲದಲ್ಲಿ ಉಳಿದದ್ದು ನೀರು ತುಂಬಿದ ಸುರಂಗಗಳು, ಪುಡಿಯ ಗುಡ್ಡಗಳು ಮತ್ತು ಲೈನುಗಳು. ಸಾವಿರಾರು ಕುಟುಂಬಗಳು ಇಂದಿಗೂ ಅದೇ ಲೈನುಮನೆಗಳಲ್ಲಿ ವಾಸಿಸುತ್ತಿವೆ. ಗಣಿಯ ಬಾಯಿಗೆ ಕರೆದೊಯ್ಯುತ್ತಿದ್ದ ದಾರಿ ಹಾಗೆಯೇ ಇದೆ, ಅದರ ತುದಿಯಲ್ಲಿ ಈಗ ಮುಚ್ಚಿದ ಗೇಟಿದೆ.

ಈ ಸಂದರ್ಭದಲ್ಲಿ ಊರನ್ನು ಕಾಪಾಡಿದ್ದು 1894ರ ರೈಲಿನ ಕವಲು. ಚಿನ್ನಕ್ಕಾಗಿ ಹಾಕಿದ ಹಳಿ ಈಗ ಮನುಷ್ಯರ ದುಡಿಮೆಯನ್ನು ಹೊರುತ್ತಿದೆ. ಮಾರಿಕುಪ್ಪಂನಿಂದ ಮುಂಜಾನೆ ಹೊರಡುವ ಗಾಡಿಗಳಲ್ಲಿ ಸಾವಿರಾರು ಮಂದಿ ನಿತ್ಯವೂ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಒಂದು ಕಡೆಗೆ ಸುಮಾರು 90 ಕಿಲೋಮೀಟರಿನ ಪ್ರಯಾಣವದು. ಬೆಂಗಳೂರು ಎಲ್ಲಿಯವರೆಗೆ ಹಬ್ಬಿದೆ ಎಂಬ ಪ್ರಶ್ನೆಗೆ ಪಾಲಿಕೆಯ ಗಡಿಕಲ್ಲನ್ನು ತೋರಿಸಿದರೆ ಸಾಲದು. ಬೆಳಗಿನ ಗಾಡಿ ಹೊರಡುವ ಕೊನೆಯ ನಿಲ್ದಾಣವನ್ನೂ ತೋರಿಸಬೇಕಾಗುತ್ತದೆ. ಆ ಅರ್ಥದಲ್ಲಿ ಮಾರಿಕುಪ್ಪಂ ಬೆಂಗಳೂರಿನ ಒಂದು ಹೊರವಲಯ. ಇಲ್ಲಿನ ವಿಪರ್ಯಾಸವೆಂದರೆ ನೂರು ವರ್ಷಗಳ ಹಿಂದೆ ಇದಕ್ಕೆ ವಿರುದ್ಧವಾದ ಸಂಬಂಧವಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ಹರಿದು ಬಂದ ವಿದ್ಯುತ್ತು ಮೊದಲು ಬೆಳಗಿದ್ದು ಈ ಗಣಿಗಳನ್ನು. ಬೆಂಗಳೂರಿನ ಬೀದಿದೀಪಗಳ ಸರದಿ ಬಂದದ್ದು 1905ರಲ್ಲಿ.

ಮತ್ತೆ ಬರುತ್ತಿರುವ ಲೈನುಗಳು

ಈಗ ಬೆಂಗಳೂರು ಹಳಿಯ ಮೇಲಷ್ಟೇ ಅಲ್ಲ, ರಸ್ತೆಯ ಮೇಲೂ ಈ ಕಡೆಗೆ ಬರುತ್ತಿದೆ. ಬೆಂಗಳೂರು ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ ಹೊಸಕೋಟೆಯಿಂದ ಬೇತಮಂಗಲದವರೆಗೆ ಸುಮಾರು 71 ಕಿಲೋಮೀಟರ್ ಉದ್ದವಿದೆ. ರೈಲು ಹಿಂದೆ ಬಿಟ್ಟುಹೋಗಿದ್ದ ಬೇತಮಂಗಲವನ್ನು ಹೆದ್ದಾರಿ ಮತ್ತೆ ನಕ್ಷೆಗೆ ತಂದಿದೆ. ಆದರೆ ಹಳೆಯ ಹೆಬ್ಬಟ್ಟೆಗೂ ಈ ಹೆದ್ದಾರಿಗೂ ವ್ಯತ್ಯಾಸವಿದೆ. ಹೆಬ್ಬಟ್ಟೆಗೆ ದಾರಿಯುದ್ದಕ್ಕೂ ಹಳ್ಳಿಗಳ ಕಾಲುದಾರಿಗಳು ಬಂದು ಸೇರುತ್ತಿದ್ದವು. ಎಕ್ಸ್‌ಪ್ರೆಸ್‌ವೇಗೆ ನಿಗದಿಪಡಿಸಿದ ಕೆಲವೇ ಕಡೆಗಳಲ್ಲಿ ಪ್ರವೇಶವಿದೆ. ಉಳಿದೆಡೆ ಅದು ಊರಿಗೂ ಹೊಲಕ್ಕೂ ನಡುವೆ ನಿಂತ ಏರಿಯಂತೆ. ದಾಟಬೇಕಾದರೆ ಕೆಳಸೇತುವೆಯನ್ನು ಹುಡುಕಿಕೊಂಡು ಹೋಗಬೇಕು.

ದಾರಿ ಬಂದೆಡೆ ಬಡಾವಣೆಗಳು ಬರುವುದು ಸಹಜ. ಬೆಂಗಳೂರಿನ ಹೊರವಲಯದ ಎಲ್ಲ ಹೆದ್ದಾರಿಗಳ ಬದಿಯಲ್ಲಿಯೂ ಕಾಣುವ ನೋಟ ಇದು: ಒಬ್ಬರ ಜಮೀನು ಭೂಪರಿವರ್ತನೆಯಾಗುತ್ತದೆ, ಸುತ್ತ ಕಾಂಪೌಂಡು ಏಳುತ್ತದೆ, ಮುಖ್ಯರಸ್ತೆಗೆ ಒಂದೇ ಕಮಾನು ಬಾಗಿಲು. ಒಳಗಿನ ಬೀದಿಗಳು ಗೋಡೆಗೆ ಬಂದು ನಿಲ್ಲುತ್ತವೆ. ಪಕ್ಕದ ಜಮೀನಿನಲ್ಲಿ ಮತ್ತೊಂದು ಬಡಾವಣೆ, ಅದಕ್ಕೂ ಅಂಥದೇ ಗೋಡೆ. ಬೆನ್ನಿಗೆ ಬೆನ್ನು ಹಚ್ಚಿ ನಿಂತ ಎರಡು ಮನೆಗಳ ನಡುವೆ ಇರುವುದು ಮೂವತ್ತು ಅಡಿಯಾದರೂ ಒಂದರಿಂದ ಮತ್ತೊಂದಕ್ಕೆ ಹೋಗಲು ಮುಖ್ಯರಸ್ತೆಗೆ ಬಂದು ಕಿಲೋಮೀಟರುಗಟ್ಟಲೆ ಸುತ್ತಬೇಕು. ಕೂಗಿದರೆ ಕೇಳುವ ದೂರಕ್ಕೆ ಸ್ಕೂಟರು ಬೇಕಾಗುತ್ತದೆ. ಎಲ್ಲರೂ ಒಂದೇ ರಸ್ತೆಗೆ ಇಳಿಯುವುದರಿಂದ ಆ ರಸ್ತೆ ಕಿಕ್ಕಿರಿಯುತ್ತದೆ. ಅದನ್ನು ಅಗಲಿಸಲು ಸರ್ಕಾರ ಹಣ ಸುರಿಯುತ್ತದೆ.

ಬೀದಿಗಳ ಈ ಬಿಡಿತನವನ್ನು ಅಳೆಯುವ ವಿಧಾನಗಳನ್ನು ವಿದ್ವಾಂಸರು ರೂಪಿಸಿದ್ದಾರೆ. ಒಂದು ಕೂಡುಸ್ಥಳದಲ್ಲಿ ಎಷ್ಟು ಬೀದಿಗಳು ಸೇರುತ್ತವೆ, ಮುಂದೆ ದಾರಿಯಿಲ್ಲದ ಬೀದಿಗಳು ಎಷ್ಟು, ನೇರ ದೂರಕ್ಕೂ ನಡೆಯಬೇಕಾದ ದೂರಕ್ಕೂ ಇರುವ ಅನುಪಾತವೇನು ಎಂಬುದು ಅವರ ಲೆಕ್ಕದ ಆಧಾರ. ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಆಡಮ್ ಮಿಲ್ಲರ್ಡ್-ಬಾಲ್ ಎಂಬ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಬಹುಭಾಗದಲ್ಲಿ 1975ರಿಂದೀಚೆಗೆ ಹೊಸ ಬೀದಿಗಳು ಹೆಚ್ಚು ಹೆಚ್ಚು ಬಿಡಿಯಾಗುತ್ತಿರುವುದನ್ನು ತೋರಿಸಿದೆ. ಒಮ್ಮೆ ಎಳೆದ ಬೀದಿಯ ವಿನ್ಯಾಸವನ್ನು ಮುಂದೆ ತಿದ್ದುವುದು ಬಹಳ ಕಷ್ಟ ಎಂಬುದು ಅವರ ಅಧ್ಯಯನಗಳ ಮುಖ್ಯ ಎಚ್ಚರಿಕೆ. ಕೆ.ಜಿ.ಎಫ್.ನ ಚರಿತ್ರೆಯನ್ನು ಬಲ್ಲವರಿಗೆ ಈ ಎಚ್ಚರಿಕೆಯ ಸತ್ಯ ಬೇರೆ ಆಧಾರವಿಲ್ಲದೆಯೇ ಮನವರಿಕೆಯಾಗುತ್ತದೆ.

ಮುಚ್ಚಿದ ಬಡಾವಣೆ ಪ್ರಶಾಂತವಾಗಿರುತ್ತದೆ, ಮಕ್ಕಳಿಗೆ ವಾಹನಗಳ ಭಯವಿರುವುದಿಲ್ಲ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ವಾಹನಕ್ಕೆ ಮುಚ್ಚಿದ ಬೀದಿಯನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ತೆರೆದಿಡಬಹುದು. ಗೋಡೆಯಲ್ಲಿ ಆರಡಿಯ ಒಂದು ಕಿಂಡಿ ಬಿಟ್ಟರೆ ಸಾಕು, ಎರಡು ಬಡಾವಣೆಗಳ ಮಕ್ಕಳು ಒಂದೇ ಶಾಲೆಗೆ ನಡೆದು ಹೋಗಬಹುದು. ಯೂರೋಪಿನ ಹಲವು ನಗರಗಳಲ್ಲಿ ಈ ಪದ್ಧತಿ ರೂಢಿಯಲ್ಲಿದೆ. ನಮ್ಮ ಹಳೆಯ ಊರುಗಳ ಸಂದಿಗಳೂ ಇದೇ ಕೆಲಸವನ್ನು ಮಾಡುತ್ತಿದ್ದವು.

ಇದಕ್ಕೆ ಹೊಸ ಕಾನೂನೇ ಬೇಕೆಂದಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರಲ್ಲೇ ಬಂದಿದೆ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವ ಮೇಜಿನ ಮೇಲೆ ಆ ಒಂದು ನಕ್ಷೆಯ ಜೊತೆಗೆ ಅಕ್ಕಪಕ್ಕದ ಜಮೀನುಗಳ ನಕ್ಷೆಯನ್ನೂ ಇಟ್ಟು, ಈ ಬೀದಿ ನಾಳೆ ಯಾವ ಬೀದಿಯನ್ನು ಕೂಡಬೇಕು ಎಂದು ಕೇಳಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಗಣಿ ಸಂಸ್ಥೆಯ ಹೆಸರಿನಲ್ಲಿ ಹನ್ನೆರಡು ಸಾವಿರ ಎಕರೆಯಷ್ಟು ಭೂಮಿಯಿದ್ದ ಊರಿಗೆ ಈ ಪ್ರಶ್ನೆ ಇನ್ನಷ್ಟು ಮಹತ್ವದ್ದು. ಅಲ್ಲಿ ಮುಂದೆ ಕೈಗಾರಿಕೆ ಬರಲಿ, ವಸತಿ ಬರಲಿ, ಮೊದಲ ಗೆರೆ ಎಳೆಯುವಾಗಲೇ ಲೈನುಗಳಲ್ಲಿ ಈಗಾಗಲೇ ವಾಸಿಸುತ್ತಿರುವ ಜನರ ಬಾಗಿಲಿಗೆ ಆ ದಾರಿ ಸೇರುವುದೇ ಎಂಬುದನ್ನು ನೋಡಬೇಕು. ಇಲ್ಲವಾದರೆ ಹೊಸ ಗೋಡೆಗಳ ನಡುವೆ ಹಳೆಯ ಲೈನುಗಳು ಎರಡನೆಯ ಬಾರಿ ಒಂಟಿಯಾಗುತ್ತವೆ.

ಸಾಹಿತ್ಯ ಮತ್ತು ಸಂಶೋಧನೆಯ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಲೈನುಗಳ, ಬ್ಲಾಕುಗಳ, ಕ್ರಾಸುಗಳ ಹೆಸರುಗಳನ್ನು, ಅವುಗಳ ತಮಿಳು, ತೆಲುಗು, ಕನ್ನಡ, ಉರ್ದು ರೂಪಗಳನ್ನು, ಜನ ಹತ್ತಿರದ ದಾರಿಯೆಂದು ಹೇಳುವ ಕಾಲುದಾರಿಗಳನ್ನು ಹಿರಿಯರು ಇರುವಾಗಲೇ ದಾಖಲಿಸಬೇಕು. ನಮ್ಮ ಪೂರ್ವಿಕರು ದಾನಶಾಸನದಲ್ಲಿ ಹೆಬ್ಬಟ್ಟೆಯನ್ನು ಹೆಸರಿಸಿ ಕಲ್ಲಿನಲ್ಲಿ ಕಡೆದಿಟ್ಟರು. ನಾಲ್ಕು ಊರುಗಳಿಗೂ ಸೇರಿದ ಆ ದಾರಿಯನ್ನು ಯಾರೊಬ್ಬರೂ ತಮ್ಮದೆಂದು ಬೇಲಿ ಹಾಕದಿರಲು ಆ ಬರಹವೇ ಸಾಕ್ಷಿಯಾಯಿತು. ಕೆ.ಜಿ.ಎಫ್.ನ ಕಾಲುದಾರಿಗಳಿಗೆ ಅಂತಹ ಶಾಸನ ಇನ್ನೂ ಬರೆದಿಲ್ಲ.